ಚುಕ್ಕೆ ಬಿಳಿಯೋ ಕಪ್ಪೋ? ಮನೆಯ ಡಾರ್ಕ್‌ರೂಮಿನಲ್ಲಿ ಕಲೆಯ ಮೂಲ ಹುಡುಕುವ ಬಗೆ

ಕೆಂಪು ದೀಪದಡಿ ಟ್ರೇಯಲ್ಲಿ ಚಿತ್ರ ಮೂಡುವಾಗ ಎಲ್ಲವೂ ಚೆಂದ. ಚಿತ್ರವನ್ನು ಸ್ಥಿರಗೊಳಿಸುವ ಹೈಪೋಗೆ (ಫಿಕ್ಸರ್) ಹಾಕಿ, ಬಿಳಿ ದೀಪ ಹೊತ್ತಿಸಿದ ಮೇಲೆ ಕಣ್ಣಿಗೆ ಬೀಳುತ್ತದೆ ನೋಡಿ: ಅಜ್ಜಿಯ ಕೆನ್ನೆಯ ಮೇಲೊಂದು ಬಿಳಿ ಚುಕ್ಕೆ, ಆಕಾಶದ ನಡುವೆ ಸುರುಳಿ ಸುತ್ತಿದ ಒಂದು ಎಳೆ, ಅಂಚಿನಲ್ಲಿ ಬೂದು ಮಬ್ಬು. ಆಗ ನಮ್ಮಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್ ಚೆಲ್ಲುವುದು. ನಾನೂ ಚೆಲ್ಲಿದ್ದೇನೆ. ಒಂದು ಲೀಟರ್ ಒಳ್ಳೆಯ ಡೆವಲಪರ್ ಹಾಳಾಯಿತು. ಹೊಸದು ಕಲಸಿ ಪ್ರಿಂಟ್ ಮಾಡಿದರೆ ಅದೇ ಎಳೆ, ಅದೇ ಜಾಗದಲ್ಲಿ. ನೆಗೆಟಿವ್ ಹಿಡಿಯುವ ಚೌಕಟ್ಟನ್ನು (ಕ್ಯಾರಿಯರ್) ತೆಗೆದು ನೋಡಿದರೆ ನೆಗೆಟಿವ್ ಮೇಲೆ ನಮ್ಮ ಮನೆಯ ಬೆಕ್ಕಿನ ಕೂದಲು!

ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಕಾರಣಕ್ಕಿಂತ ಮೊದಲು ಜಾಗ ಹುಡುಕುತ್ತೇನೆ. ಕಲೆ ಹುಟ್ಟಲು ಇರುವುದು ನಾಲ್ಕೇ ಜಾಗ: ನೆಗೆಟಿವ್ (ಕಪ್ಪು-ಬಿಳುಪು ಅದಲುಬದಲಾಗಿರುವ ಫಿಲಂ), ಎನ್‌ಲಾರ್ಜರ್ (ಅದರ ಚಿತ್ರವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ), ಪೇಪರ್, ದ್ರಾವಣದ ಟ್ರೇ. ಯಾವ ಜಾಗ ಅಂತ ಗೊತ್ತಾದರೆ ಕಾರಣ ತಾನಾಗಿ ಸಿಗುತ್ತದೆ. ಇಲ್ಲಿ ಹೇಳುವುದೆಲ್ಲ ಕಪ್ಪು-ಬಿಳುಪು ಪ್ರಿಂಟಿನ ಬಗ್ಗೆ. ಬಚ್ಚಲುಮನೆಯನ್ನೋ ಸಣ್ಣ ರೂಮನ್ನೋ ರಾತ್ರಿ ಹೊತ್ತು ಡಾರ್ಕ್‌ರೂಮ್ ಮಾಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಕಲೆಯನ್ನು ಓದಿ

ಪ್ರಿಂಟನ್ನು ತೊಳೆದು, ಕಿಟಕಿಯ ಹತ್ತಿರ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ.

ಕಲೆ ಬಿಳಿಯೋ, ಕಪ್ಪೋ? ಪ್ರಿಂಟಿನಲ್ಲಿ ಬಿಳಿ ಅಂದರೆ ಆ ಜಾಗಕ್ಕೆ ಬೆಳಕು ತಲುಪಿಲ್ಲ, ಇಲ್ಲವೇ ಡೆವಲಪರ್ ತಲುಪಿಲ್ಲ. ಏನೋ ಅಡ್ಡ ಬಂದಿದೆ. ಕಪ್ಪು ಅಂದರೆ ಬೆಳಕು ಜಾಸ್ತಿ ಬಿದ್ದಿದೆ. ಹಾಗಾದರೆ ನೆಗೆಟಿವ್‌ನಲ್ಲಿ ತೂತಿರಬೇಕು, ಅಥವಾ ಪೇಪರಿಗೆ ಬೇರೆ ಕಡೆಯಿಂದ ಬೆಳಕೋ ಒತ್ತಡವೋ ತಗುಲಿರಬೇಕು. ಹೊಸಬರು ಎಡವುವುದು ಇಲ್ಲೇ. ಕಪ್ಪು ಚುಕ್ಕೆ ಕಂಡು 'ಧೂಳು ಕೂತಿದೆ' ಅಂತ ನೆಗೆಟಿವ್ ಒರೆಸುತ್ತಾರೆ. ನೆಗೆಟಿವ್ ಮೇಲಿನ ಧೂಳು ಪ್ರಿಂಟಿನಲ್ಲಿ ಬಿಳಿಯಾಗಿಯೇ ಬರಬೇಕು, ಅಲ್ವಾ? ಸುಮ್ನೆ ಒರೆಸಿ ಇಲ್ಲದ ಗೀರು ಮಾಡಿಕೊಂಡಂತಾಗುತ್ತದೆ.

ಅಂಚು ಚೂಪಾಗಿದೆಯೋ, ಮಸುಕಾಗಿದೆಯೋ? ಚೂಪಾಗಿದ್ದರೆ ಅಡ್ಡ ಬಂದದ್ದು ನೆಗೆಟಿವ್ ಮೇಲೋ ಪೇಪರ್ ಮೇಲೋ ಕೂತಿದೆ. ಮಸುಕಾಗಿದ್ದರೆ ಫೋಕಸ್ ಇಲ್ಲದ ಕಡೆ ಇದೆ. ದೀಪದ ಬೆಳಕನ್ನು ನೆಗೆಟಿವ್ ಮೇಲೆ ಕೂಡಿಸುವ ಕಂಡೆನ್ಸರ್ ಗಾಜಿನ ಮೇಲೆ ಇರಬಹುದು. ಲೆನ್ಸ್ ಮೇಲಿನ ಧೂಳು ಚುಕ್ಕೆಯಾಗಿ ಬರುವುದಿಲ್ಲ. ಅದು ಇಡೀ ಚಿತ್ರದ ಕಾಂಟ್ರಾಸ್ಟ್ ತಗ್ಗಿಸುತ್ತದೆ, ಅಷ್ಟೆ.

ಎರಡನೇ ಪ್ರಿಂಟಿನಲ್ಲೂ ಅದೇ ಜಾಗಕ್ಕೆ ಬಂದಿದೆಯೋ? ಬಂದಿದ್ದರೆ ನೆಗೆಟಿವ್ ಅಥವಾ ಎನ್‌ಲಾರ್ಜರ್. ಪ್ರತಿ ಹಾಳೆಯಲ್ಲೂ ಬೇರೆ ಬೇರೆ ಕಡೆ ಬರುತ್ತಿದ್ದರೆ ಪೇಪರ್ ಮೇಲಿನ ಧೂಳು, ಇಲ್ಲವೇ ಟ್ರೇ.

ಬೂದು ಹಾಳೆ

ಇಷ್ಟರಿಂದ ತೀರ್ಮಾನ ಆಗದಿದ್ದರೆ ಎರಡು ಹಾಳೆ ಖರ್ಚು ಮಾಡಿ. ಪೇಪರಿನ ಬೆಲೆ ನೋಡಿದರೆ ಸಂಕಟ ಆಗುತ್ತದೆ, ನಿಜ. ಆದರೆ ಅಂದಾಜಿನಲ್ಲಿ ಹತ್ತು ಹಾಳೆ ಹಾಳು ಮಾಡುವುದಕ್ಕಿಂತ ಇದು ಅಗ್ಗ.

ಕ್ಯಾರಿಯರ್‌ನಿಂದ ನೆಗೆಟಿವ್ ತೆಗೆಯಿರಿ, ಖಾಲಿ ಕ್ಯಾರಿಯರ್ ಹಾಗೇ ಇರಲಿ. ಎನ್‌ಲಾರ್ಜರ್ ತಲೆಯ ಎತ್ತರ ಬದಲಿಸಬೇಡಿ. ಲೆನ್ಸಿನ ಕಿಂಡಿಯನ್ನು ಎಂದಿನಂತೆ ಎಫ್ 8 ಅಥವಾ 11ಕ್ಕೆ ಇಡಿ. ನೆಗೆಟಿವ್ ಇಲ್ಲದೆ ಬೆಳಕು ವಿಪರೀತ ಬೀಳುತ್ತದೆ, ಹಾಗಾಗಿ ಮೊದಲು ಒಂದು ಸಣ್ಣ ಪಟ್ಟಿಯಲ್ಲಿ ಮಧ್ಯಮ ಬೂದು ಬರುವ ಸಮಯ ಕಂಡುಕೊಳ್ಳಿ. ಹಾಳೆಯ ಹಿಂದೆ ಪೆನ್ಸಿಲ್‌ನಿಂದ ಬಾಣದ ಗುರುತು ಹಾಕಿ, ಬಾಣ ಎನ್‌ಲಾರ್ಜರ್ ಕಂಬದ ಕಡೆಗೆ ಇರುವಂತೆ ಪೇಪರ್ ಹಿಡಿಯುವ ಚೌಕಟ್ಟಾದ ಈಸಲ್‌ನಲ್ಲಿ ಇಟ್ಟು ಎಕ್ಸ್‌ಪೋಸ್ ಮಾಡಿ, ಅಂದರೆ ಬೆಳಕು ಬೀಳಿಸಿ. ಎರಡನೇ ಹಾಳೆಯನ್ನು ಬಾಣ ನಿಮ್ಮ ಕಡೆ ಬರುವಂತೆ ತಿರುಗಿಸಿ ಇಡಿ. ಎರಡನ್ನೂ ಪೂರ್ತಿ ಸಮಯ ಡೆವಲಪ್ ಮಾಡಿ.

ಬೂದು ಹಾಳೆ ಸ್ವಚ್ಛವಾಗಿ ಬಂದರೆ ತಪ್ಪು ನೆಗೆಟಿವ್‌ನದು. ಎರಡು ಹಾಳೆಯಲ್ಲೂ ಕಲೆ ಕಂಬದ ಕಡೆಗೇ ಇದ್ದರೆ ಬೆಳಕಿನ ದಾರಿಯಲ್ಲಿ ತೊಂದರೆ: ಬಲ್ಬು, ಕಂಡೆನ್ಸರ್, ಫಿಲ್ಟರ್. ಕಲೆ ಬಾಣದ ಜೊತೆಗೇ ತಿರುಗಿದ್ದರೆ ಪೇಪರ್ ಪೆಟ್ಟಿಗೆಯಲ್ಲೇ ಬೆಳಕು ತಿಂದಿದೆ. ಎರಡರಲ್ಲೂ ಎಲ್ಲೆಲ್ಲೋ ಇದ್ದರೆ ಟ್ರೇ ಕಡೆ ನೋಡಿ. ನಡುವೆ ಕಪ್ಪಾಗಿ ಮೂಲೆಗಳು ತಿಳಿಯಾಗಿದ್ದರೆ ಬಲ್ಬು ಸರಿಯಾದ ಜಾಗದಲ್ಲಿ ಇಲ್ಲ, ಅಥವಾ ನಿಮ್ಮ ಲೆನ್ಸಿಗೆ ಆ ಕಂಡೆನ್ಸರ್ ಹೊಂದುವುದಿಲ್ಲ. ಬಲ್ಬನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿ ನೋಡಿ.

ಈ ಬೂದು ಹಾಳೆಗಳನ್ನು ಬಿಸಾಡಬೇಡಿ. ಹಿಂದೆ ದಿನಾಂಕ ಬರೆದಿಟ್ಟುಕೊಂಡರೆ ಮುಂದಿನ ಸಲ ಹೋಲಿಸಲು ಬರುತ್ತದೆ.

ಬಿಳಿ ಚುಕ್ಕೆ, ಬಿಳಿ ಎಳೆ: ಧೂಳಿನ ಕಾಟ

ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲೆಗಳಿಗೆ ಕಾರಣ ಧೂಳೇ. ನಮ್ಮ ಮನೆಗಳಲ್ಲಿ ಅದನ್ನು ಹಾರಿಸುವ ಯಂತ್ರ ಸೂರಿನಲ್ಲೇ ನೇತಾಡುತ್ತಿರುತ್ತದೆ. ಪ್ರಿಂಟ್ ಮಾಡುವ ರೂಮಿನಲ್ಲಿ ಫ್ಯಾನ್ ಇದ್ದರೆ ಅದರ ರೆಕ್ಕೆ ಹಿಂದಿನ ದಿನವೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸ ಶುರು ಮಾಡುವ ಅರ್ಧ ಗಂಟೆ ಮೊದಲೇ ಫ್ಯಾನ್ ನಿಲ್ಲಿಸಿ. ಆ ದಿನ ಕಸ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಉಣ್ಣೆಯ ಸ್ವೆಟರ್, ನೈಲಾನ್ ಬಟ್ಟೆ ಹಾಕಿಕೊಂಡು ಒಳಗೆ ಬರಬೇಡಿ. ಬಚ್ಚಲುಮನೆಯಾದರೆ ಒಂದು ಅನುಕೂಲ ಇದೆ. ಐದು ನಿಮಿಷ ಬಿಸಿ ನೀರು ಬಿಟ್ಟು, ಆವಿ ತುಂಬಿಸಿ, ಆಮೇಲೆ ಹದಿನೈದು ನಿಮಿಷ ಬಾಗಿಲು ಮುಚ್ಚಿಡಿ. ಗಾಳಿಯಲ್ಲಿ ತೇಲುವ ಧೂಳು ಆವಿಯ ಜೊತೆ ಕೆಳಗೆ ಕೂರುತ್ತದೆ. ನೆಗೆಟಿವ್ ಒಣಹಾಕುವ ಮೊದಲೂ ಇದನ್ನೇ ಮಾಡಿ. ಆದರೆ ಎನ್‌ಲಾರ್ಜರ್ ಅದೇ ರೂಮಿನಲ್ಲಿದ್ದರೆ ಹೊದಿಕೆ ಹಾಕದೆ ಆವಿ ಬಿಡಬೇಡಿ. ಲೆನ್ಸಿಗೆ ಬೂಸಲು ಬರುತ್ತದೆ, ಕರೆಂಟಿನ ಅಪಾಯವೂ ಉಂಟು.

ನೆಗೆಟಿವ್ ಶುದ್ಧ ಮಾಡುವ ಕ್ರಮ ಹೀಗೆ. ಕ್ಯಾರಿಯರ್‌ಗೆ ನೆಗೆಟಿವ್ ಹಾಕಿ, ಎನ್‌ಲಾರ್ಜರ್ ದೀಪ ಹೊತ್ತಿಸಿ, ಆ ಬೆಳಕಿನ ಪಕ್ಕಕ್ಕೆ ಕ್ಯಾರಿಯರನ್ನು ಓರೆಯಾಗಿ ಹಿಡಿಯಿರಿ. ಓರೆ ಬೆಳಕಿನಲ್ಲಿ ಧೂಳು ನಕ್ಷತ್ರದಂತೆ ಹೊಳೆಯುತ್ತದೆ. ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಬೇಡಿ, ಎಂಜಲು ಹಾರಿದರೆ ಹೊಸ ಕಲೆ. ಊದಿದರೂ ಹೋಗದ್ದನ್ನು ಮೃದುವಾದ ಬ್ರಷ್‌ನ ತುದಿಯಿಂದ ಎತ್ತಿ, ಉಜ್ಜಬೇಡಿ. ಒಣ ಹವೆಯಲ್ಲಿ ಬ್ರಷ್ ಉಜ್ಜಿದಷ್ಟೂ ಸ್ಟ್ಯಾಟಿಕ್ ಹುಟ್ಟಿ ಧೂಳು ಇನ್ನಷ್ಟು ಅಂಟುತ್ತದೆ. ಜನವರಿ, ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೂ ಬಯಲುಸೀಮೆಯಲ್ಲೂ ಈ ಕಾಟ ಜಾಸ್ತಿ.

ಗಾಜು ಇಲ್ಲದ ಕ್ಯಾರಿಯರ್‌ನಲ್ಲಿ ಧೂಳು ಕೂರಲು ನೆಗೆಟಿವ್‌ನ ಎರಡು ಬದಿ ಮಾತ್ರ ಇರುತ್ತವೆ. ಗಾಜಿನ ಕ್ಯಾರಿಯರ್‌ನಲ್ಲಿ ಎರಡೂ ಗಾಜಿನದು ಸೇರಿ ಆರು. ಹಾಗಾಗಿ 35 ಮಿ.ಮೀ. ಫಿಲಂಗೆ ಗಾಜು ಇಲ್ಲದ್ದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ನೆಗೆಟಿವ್‌ಗಳು ದೀಪದ ಬಿಸಿಗೆ ಉಬ್ಬಿ ಫೋಕಸ್ ತಪ್ಪುತ್ತವೆ. ಅವಕ್ಕೆ ಗಾಜು ಬೇಕಾದೀತು. ಆಗ ಇನ್ನೊಂದು ಸಮಸ್ಯೆ ಬರುತ್ತದೆ: ನೀರಿನ ಮೇಲೆ ಎಣ್ಣೆ ಹರಡಿದಂಥ ಸುತ್ತುಸುತ್ತಿನ ಗೆರೆಗಳು. ಇವನ್ನು ನ್ಯೂಟನ್ ಉಂಗುರ ಅನ್ನುತ್ತಾರೆ. ಫಿಲಂನ ನುಣುಪು ಬದಿಯೂ ಗಾಜೂ ಅಂಟಿಕೊಂಡು, ನಡುವಿನ ತೆಳು ಗಾಳಿ ಪದರದಿಂದ ಇವು ಹುಟ್ಟುತ್ತವೆ. ಮೇಲಿನ ಗಾಜನ್ನು ಆಂಟಿ-ನ್ಯೂಟನ್ ಗಾಜಿಗೆ ಬದಲಿಸಿದರೆ ಹೋಗುತ್ತವೆ.

ಇನ್ನೊಂದು ಮಾತು. ಕಂಡೆನ್ಸರ್ ಇರುವ ಎನ್‌ಲಾರ್ಜರ್ ಧೂಳು, ಗೀರು ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಬೆಳಕನ್ನು ಚದುರಿಸುವ ಡಿಫ್ಯೂಷನ್ ತಲೆ ಅಷ್ಟು ತೋರಿಸುವುದಿಲ್ಲ. ಗೆಳೆಯರ ಮನೆಯಲ್ಲಿ ಚೆನ್ನಾಗಿ ಬಂದ ನೆಗೆಟಿವ್ ನಿಮ್ಮಲ್ಲಿ ಕೊಳಕಾಗಿ ಬಂದರೆ ಇದೂ ಕಾರಣ ಆಗಿರಬಹುದು.

ಊದಿದರೂ ಬ್ರಷ್ ಮಾಡಿದರೂ ಹೋಗದ ಬಿಳಿ ಕಲೆ ನೀರಿನದು ಇರಬಹುದು. ಬೋರ್‌ವೆಲ್ ನೀರಿನಲ್ಲಿ ಫಿಲಂ ತೊಳೆದು ಹಾಗೇ ನೇತುಹಾಕಿದರೆ, ಹನಿ ಒಣಗಿದ ಕಡೆ ಸುಣ್ಣದ ಗುರುತು ಉಳಿಯುತ್ತದೆ. ಬಚ್ಚಲ ನಲ್ಲಿಯ ಮೇಲೆ ಕೂರುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಇದು. ಕಾವೇರಿ ನೀರು ಬರುವ ಮನೆಗಳಲ್ಲಿ ಈ ತೊಂದರೆ ಕಡಿಮೆ. ಏನೇ ಇರಲಿ, ಕೊನೆಯ ಒಂದು ಮುಳುಗನ್ನು ಆರ್‌ಒ ನೀರಿನಲ್ಲೋ ಡಿಸ್ಟಿಲ್ಡ್ ನೀರಿನಲ್ಲೋ ಮಾಡಿ, ಅದಕ್ಕೆ ನೀರು ಹನಿಗಟ್ಟದೆ ಜಾರುವಂತೆ ಮಾಡುವ ಫೋಟೋ-ಫ್ಲೋ ಥರದ ವೆಟ್ಟಿಂಗ್ ಏಜೆಂಟ್ ಬಾಟಲಿಯ ಮೇಲೆ ಹೇಳಿದ ಅಳತೆಗೆ ಹಾಕಿ. ಜಾಸ್ತಿ ಹಾಕಿದರೆ ಅದೇ ಕಲೆಯಾಗಿ ಕೂರುತ್ತದೆ. ಈಗಾಗಲೇ ಕಲೆ ಬಿದ್ದಿರುವ ನೆಗೆಟಿವನ್ನು ಮತ್ತೆ 10 ನಿಮಿಷ ಸ್ವಚ್ಛ ನೀರಿನಲ್ಲಿ ನೆನೆಸಿ, ಹೊಸದಾಗಿ ಒಣಗಿಸಿದರೆ ಬಹಳ ಸಲ ಸರಿಹೋಗುತ್ತದೆ.

ಒಂದು ಎಚ್ಚರಿಕೆ. ಕಲೆ ಜೇಡರಬಲೆಯಂತೆ ಕವಲೊಡೆದಿದ್ದರೆ ನೀರಿಗೆ ಹಾಕಲೇಬೇಡಿ. ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅಟ್ಟದ ಪೆಟ್ಟಿಗೆಯೊಳಗೆ ಉಳಿದ ನೆಗೆಟಿವ್‌ಗಳಿಗೆ ತಪ್ಪದೆ ಬರುತ್ತದೆ. ಚಿತ್ರ ಹಿಡಿದಿಟ್ಟುಕೊಳ್ಳುವ ಜೆಲಾಟಿನ್ ಪದರವನ್ನು ಬೂಷ್ಟು ತಿಂದಿದ್ದರೆ ಅದು ನೀರಿನಲ್ಲಿ ಕರಗುತ್ತದೆ, ಚಿತ್ರವೂ ಅದರ ಜೊತೆಗೇ ಹೋಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ, ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಹಗುರವಾಗಿ ಒರೆಸಿ.

ಬಿಳಿ ಚುಕ್ಕೆ ದುಂಡಗಿದ್ದು, ಪ್ರತಿ ಹಾಳೆಯಲ್ಲೂ ಬೇರೆ ಜಾಗದಲ್ಲಿದ್ದರೆ ಅದು ಡೆವಲಪರ್‌ನ ಗಾಳಿಗುಳ್ಳೆ. ಹಾಳೆಯನ್ನು ಅಂಚಿನಿಂದ ಒಂದೇ ಸಲಕ್ಕೆ ಜಾರಿಸಿ ಮುಳುಗಿಸಿ. ಟ್ರೇಯ ಒಂದು ಮೂಲೆ ಎತ್ತಿ ಇಳಿಸಿ ಅಲುಗಾಡಿಸುತ್ತಿರಿ. ಗುಳ್ಳೆ ನಿಲ್ಲುವುದಿಲ್ಲ.

ಕಪ್ಪು ಚುಕ್ಕೆ

ಇದಕ್ಕೆ ನೆಗೆಟಿವ್‌ನಲ್ಲಿ ಸೂಜಿಮೊನೆಯಷ್ಟು ತೂತು ಇರಬೇಕು. ಭೂತಗನ್ನಡಿ ಹಿಡಿದು ನೋಡಿ. ಫೋಟೋ ತೆಗೆಯುವಾಗ ಕ್ಯಾಮರಾದೊಳಗೆ ಫಿಲಂ ಮೇಲೆ ಧೂಳು ಕೂತಿದ್ದರೆ, ಆ ಜಾಗಕ್ಕೆ ಬೆಳಕು ಬೀಳದೆ ನೆಗೆಟಿವ್ ಬರಿದಾಗಿ, ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಫಿಲಂ ಡೆವಲಪ್ ಮಾಡುವಾಗ ಗಾಳಿಗುಳ್ಳೆ ಅಂಟಿಕೊಂಡರೂ ಹಾಗೇ, ಆದರೆ ಆಗ ಚುಕ್ಕೆ ದುಂಡಗೆ ಇರುತ್ತದೆ. ಟ್ಯಾಂಕಿಗೆ ಡೆವಲಪರ್ ಹುಯ್ದ ತಕ್ಷಣ ಕೆಳಗೆ ಎರಡು ಸಲ ತಟ್ಟಿದರೆ ಗುಳ್ಳೆ ಬಿಡುತ್ತದೆ. ತಪ್ಪು ಫಿಲಂನಲ್ಲೇ ಇದ್ದರೆ ಡಾರ್ಕ್‌ರೂಮಿನಲ್ಲಿ ಎಷ್ಟು ಒದ್ದಾಡಿದರೂ ಅಷ್ಟೆ. ಕ್ಯಾಮರಾ ಒಳಗೆ ಬ್ಲೋವರ್ ಊದಿ, ಮುಂದಿನ ರೋಲ್ ನೋಡಿಕೊಳ್ಳಿ.

ನೆಗೆಟಿವ್ ಚೆನ್ನಾಗಿದ್ದೂ ಪ್ರಿಂಟಿನಲ್ಲಿ ಕಪ್ಪು ಚುಕ್ಕೆ ಬಂದರೆ ಡೆವಲಪರ್ ಪುಡಿಯನ್ನು ಎಲ್ಲಿ ಕಲಸಿದಿರಿ ಅಂತ ನೆನಪಿಸಿಕೊಳ್ಳಿ. ಡಾರ್ಕ್‌ರೂಮಿನೊಳಗೇ ಪುಡಿ ಸುರಿದರೆ ಅದು ಹಾರಿ ಪೇಪರ್ ಮೇಲೆ ಕೂರುತ್ತದೆ. ಒದ್ದೆಯಾದ ಕೂಡಲೇ ಆ ಕಣ ಇದ್ದಲ್ಲಿ ಮಾತ್ರ ಡೆವಲಪರ್ ಗಟ್ಟಿಯಾಗಿ ಚುಕ್ಕೆ ಕಪ್ಪಾಗುತ್ತದೆ. ಹೊರಗೆ ಕಲಸಿ, ಪೂರ್ತಿ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ ಒಳಗೆ ತನ್ನಿ.

ಅರ್ಧಚಂದ್ರದ ಆಕಾರದ ಗುರುತು ಬಂದರೆ ನಿಮ್ಮ ಬೆರಳೇ ಕಾರಣ. ಪೇಪರ್ ಮಡಿಚಿದಂತಾದ ಕಡೆ ಒತ್ತಡಕ್ಕೆ ಕಪ್ಪು ಚಂದ್ರ ಮೂಡುತ್ತದೆ. ಅದೇ ಚಂದ್ರ ಬಿಳಿಯಾಗಿದ್ದರೆ, ಕತ್ತಲಲ್ಲಿ ಫಿಲಂ ರೀಲಿಗೆ ಸುತ್ತುವಾಗ ಮುರುಟಿದ್ದೀರಿ ಅಂತ ಅರ್ಥ. 35 ಮಿ.ಮೀ.ಗಿಂತ ಅಗಲವಾದ 120 ಫಿಲಂ ಸುತ್ತುವವರಿಗೆ ಇದು ಹಳೇ ಪರಿಚಯ.

ಗೀರುಗಳು

ಫಿಲಂನ ಮಂಕು ಬದಿ ಚಿತ್ರವಿರುವ ಪದರ, ಅಂದರೆ ಎಮಲ್ಷನ್. ಹೊಳಪು ಬದಿ ಅದನ್ನು ಹೊತ್ತ ಪ್ಲಾಸ್ಟಿಕ್, ಅಂದರೆ ಬೇಸ್. ಎಮಲ್ಷನ್ ಕಿತ್ತುಹೋಗಿದ್ದರೆ ಪ್ರಿಂಟಿನಲ್ಲಿ ಕಪ್ಪು ಗೆರೆ. ಬೇಸ್ ಗೀರಿದ್ದರೆ ಬೆಳಕು ಚದುರಿ ಬಿಳಿ ಗೆರೆ. ಕಪ್ಪು ಗೆರೆಗೆ ಔಷಧ ಇಲ್ಲ, ಪ್ರಿಂಟ್ ಮೇಲೆ ಕೈಯಿಂದ ತಿದ್ದಬೇಕು.

ಬಿಳಿ ಗೆರೆಗೆ ಒಂದು ಹಳೇ ಉಪಾಯ ಇದೆ. ಕೇಳಿದರೆ ನಗು ಬರುತ್ತದೆ. ಮೂಗಿನ ಪಕ್ಕ ಬೆರಳು ಉಜ್ಜಿ, ಆ ಜಿಡ್ಡನ್ನು ಫಿಲಂನ ಹೊಳಪು ಬದಿಯ ಗೀರಿಗೆ ತೆಳ್ಳಗೆ ಸವರಿ. ಜಿಡ್ಡು ಗೀರನ್ನು ತುಂಬುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ. ಅಸಹ್ಯ ಅನ್ನಿಸಿದರೆ ಒಂದು ಕಣ ವ್ಯಾಸಲೀನ್ ಸಾಕು. ಪ್ರಿಂಟ್ ಆದ ಮೇಲೆ ಒರೆಸಿಬಿಡಿ.

ರೋಲ್‌ನ ಉದ್ದಕ್ಕೂ ರೈಲು ಹಳಿಯಂತೆ ಗೀರು ಓಡಿದ್ದರೆ ಮೂರು ಕಡೆ ಹುಡುಕಿ: ಕ್ಯಾಮರಾದಲ್ಲಿ ಫಿಲಂ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಫಿಲಂ ಡಬ್ಬಿಯ (ಕ್ಯಾಸೆಟ್) ಬಾಯಿಯ ಮಖಮಲ್ಲು, ನೀರು ಒರೆಸಲು ಒದ್ದೆ ಫಿಲಂ ಮೇಲೆ ಎಳೆಯುವ ಸ್ಕ್ವೀಜಿ. ಬಲ್ಕ್ ರೋಲ್ ತಂದು ಹಳೇ ಕ್ಯಾಸೆಟ್‌ಗೆ ಮತ್ತೆ ಮತ್ತೆ ತುಂಬುವವರು ಮೊದಲು ಮಖಮಲ್ಲಿನ ಮೇಲೆ ಅನುಮಾನ ಪಡಿ, ಮರಳಿನ ಒಂದು ಕಣ ಸಿಕ್ಕಿಕೊಂಡರೂ ಸಾಕು. ಸ್ಕ್ವೀಜಿಯನ್ನಂತೂ ನಾನು ಬಿಟ್ಟೇಬಿಟ್ಟೆ.

ಮಬ್ಬು

ಬಿಳಿ ಇರಬೇಕಾದ್ದು ಬೂದಾಗಿದ್ದರೆ ಪ್ರಿಂಟಿನ ಅಂಚು ನೋಡಿ. ಈಸಲ್‌ನ ಪಟ್ಟಿ ಮುಚ್ಚಿದ್ದ ಅಂಚು ಶುದ್ಧ ಬಿಳಿಯಾಗಿದ್ದು ಚಿತ್ರ ಮಾತ್ರ ಮಂಕಾಗಿದ್ದರೆ ಲೆನ್ಸಿನಲ್ಲಿ ಬೂಷ್ಟೋ ಮಸುಕೋ ಇದೆ. ಅಂಚೂ ಬೂದಾಗಿದ್ದರೆ ಪೇಪರಿಗೇ ಬೆಳಕು ತಾಗಿದೆ, ಇಲ್ಲವೇ ಪೇಪರಿಗೆ ವಯಸ್ಸಾಗಿದೆ.

ವಯಸ್ಸು ತಿಳಿಯುವುದು ಸುಲಭ. ಪೂರ್ತಿ ಕತ್ತಲಲ್ಲಿ, ಸೇಫ್‌ಲೈಟ್ (ಡಾರ್ಕ್‌ರೂಮಿನ ಕೆಂಪು ದೀಪ) ಕೂಡ ಇಲ್ಲದೆ, ಬಳಸದ ಹಾಳೆಯಿಂದ ಎರಡು ತುಂಡು ಕತ್ತರಿಸಿ. ಒಂದನ್ನು ನೇರ ಹೈಪೋಗೆ ಹಾಕಿ. ಇನ್ನೊಂದನ್ನು ಡೆವಲಪ್ ಮಾಡಿ ಆಮೇಲೆ ಹೈಪೋಗೆ ಹಾಕಿ. ತೊಳೆದು ಪಕ್ಕಪಕ್ಕ ಇಟ್ಟಾಗ ಎರಡನೆಯದು ಬೂದಾಗಿ ಕಂಡರೆ ಪೇಪರ್ ಹಳೆಯದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿ ವರ್ಷಗಳಾದವು. ಅಲ್ಲಿನ 'ಇಂದು' ಪೇಪರ್ ಈಗ ಎಲ್ಲಾದರೂ ಸಿಕ್ಕರೆ ಅದು ಹಳೇ ದಾಸ್ತಾನೇ. ಅಂಥ ಯಾವುದೇ ಹಳೇ ಪೆಟ್ಟಿಗೆ ಕೈಗೆ ಬಂದರೂ ಮೊದಲು ಈ ಪರೀಕ್ಷೆ ಮಾಡಿ. ಮಬ್ಬು ಸ್ವಲ್ಪವೇ ಇದ್ದರೆ ಡೆವಲಪರ್‌ಗೆ ಬೆಂಝೋಟ್ರಯಝೋಲ್ ಅಥವಾ ಪೊಟ್ಯಾಸಿಯಂ ಬ್ರೋಮೈಡ್ ಸ್ವಲ್ಪ ಸ್ವಲ್ಪವೇ ಸೇರಿಸಿ ತಗ್ಗಿಸಬಹುದು.

ಇನ್ನು ಸೇಫ್‌ಲೈಟ್. ಎಷ್ಟೋ ಜನ ಅಂಗಡಿಯ ಕೆಂಪು ಜೀರೋ ಬಲ್ಬ್ ಹಾಕಿಕೊಂಡು ಕೆಲಸ ಮಾಡುತ್ತಾರೆ. ಅದರ ಬಣ್ಣ ಒಂದು ಕಡೆ ಚಕ್ಕೆ ಎದ್ದರೂ ಬಿಳಿ ಬೆಳಕು ಸೋರುತ್ತದೆ. ಕೆಂಪಾಗಿ ಕಾಣುವ ಎಲ್ಇಡಿಗಳಲ್ಲಿ ಕೆಲವು ಒಳಗೆ ಬಿಳಿ ದೀಪ, ಹೊರಗೆ ಕೆಂಪು ಪ್ಲಾಸ್ಟಿಕ್ ಅಷ್ಟೆ. ಕಣ್ಣನ್ನು ನಂಬಬೇಡಿ, ನಾಣ್ಯ ಇಟ್ಟು ನೋಡಿ.

ನಾಣ್ಯದ ಪರೀಕ್ಷೆಯನ್ನು ಬಹಳ ಜನ ತಪ್ಪಾಗಿ ಮಾಡುತ್ತಾರೆ. ಹೊಸ ಪೇಪರ್ ಮೇಲೆ ನಾಣ್ಯ ಇಟ್ಟು, ಗುರುತು ಬರಲಿಲ್ಲ ಅಂತ ಸಮಾಧಾನ ಪಡುತ್ತಾರೆ. ಬೆಳಕು ತಾಗದ ಪೇಪರ್ ಖಾಲಿ ಲೋಟದ ಹಾಗೆ, ನಾಲ್ಕು ಹನಿ ಬಿದ್ದರೆ ಗೊತ್ತಾಗುವುದಿಲ್ಲ. ಪ್ರಿಂಟಿನಲ್ಲಿ ಮಬ್ಬು ಹಿಡಿಯುವುದು ಅಂಚಿನವರೆಗೆ ತುಂಬಿದ ಲೋಟ. ಹಾಗಾಗಿ ಮೊದಲು ಸೇಫ್‌ಲೈಟ್ ಆರಿಸಿ, ಎನ್‌ಲಾರ್ಜರ್‌ನಿಂದ ಪೇಪರಿಗೆ ತೀರಾ ತಿಳಿ ಬೂದು ಬರುವಷ್ಟು ಬೆಳಕು ಕೊಡಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಇಟ್ಟು, ಒಂದು ನಾಣ್ಯ ಇಟ್ಟು, ಸೇಫ್‌ಲೈಟ್ ಹೊತ್ತಿಸಿ. 2 ನಿಮಿಷಕ್ಕೆ ಎರಡನೇ ನಾಣ್ಯ, 4 ನಿಮಿಷಕ್ಕೆ ಮೂರನೆಯದು. 8 ನಿಮಿಷಕ್ಕೆ ದೀಪ ಆರಿಸಿ, ಕತ್ತಲಲ್ಲೇ ಡೆವಲಪ್ ಮಾಡಿ. ಒಂದು ನಾಣ್ಯವೂ ಕಾಣದಿದ್ದರೆ ನಿಶ್ಚಿಂತೆ. ಮೂರೂ ಒಂದೇ ಬಣ್ಣದಲ್ಲಿ ಕಂಡರೆ 4 ನಿಮಿಷದವರೆಗೆ ತೊಂದರೆ ಇಲ್ಲ. ಮೊದಲನೆಯದಕ್ಕಿಂತ ಎರಡನೆಯದೇ ಕಪ್ಪಾಗಿದ್ದರೆ ಆ ದೀಪ ಬದಲಿಸಿ, ಇಲ್ಲವೇ ದೂರ ಸರಿಸಿ. 15 ವ್ಯಾಟ್‌ನ ದೀಪ ಟ್ರೇಯಿಂದ ಕನಿಷ್ಠ ನಾಲ್ಕು ಅಡಿ ದೂರ ಇರಲಿ.

ನನ್ನದೊಂದು ಕಥೆ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಚೆನ್ನಾಗಿದ್ದ ನನ್ನ ಡಾರ್ಕ್‌ರೂಮಿನಲ್ಲಿ ಒಮ್ಮೆ ಇದ್ದಕ್ಕಿದ್ದಂತೆ ಎಲ್ಲ ಪ್ರಿಂಟಿನ ಬಲಗಡೆ ಮಬ್ಬು ಬರತೊಡಗಿತು. ಪೇಪರ್ ಬದಲಿಸಿದೆ, ಡೆವಲಪರ್ ಬದಲಿಸಿದೆ, ಸೇಫ್‌ಲೈಟ್ ಬಿಚ್ಚಿ ನೋಡಿದೆ. ಕೊನೆಗೆ ಎಲ್ಲ ದೀಪ ಆರಿಸಿ ಹತ್ತು ನಿಮಿಷ ಸುಮ್ನೆ ಕೂತೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಎಕ್ಸಾಸ್ಟ್ ಫ್ಯಾನಿನ ಸಂದಿಯಲ್ಲಿ ಒಂದು ಬಿಳಿ ಗೆರೆ ಕಂಡಿತು. ಆ ಸಂದಿ ಮೊದಲಿನಿಂದಲೂ ಇತ್ತು. ಬದಲಾಗಿದ್ದು ಹೊರಗಿನ ಬೀದಿದೀಪ. ಹಳದಿ ಸೋಡಿಯಂ ದೀಪ ಹೋಗಿ ಬಿಳಿ ಎಲ್ಇಡಿ ಬಂದಿತ್ತು. ಪೇಪರಿಗೆ ಹಳದಿ ಬೆಳಕು ಅಷ್ಟಾಗಿ ತಾಗುವುದಿಲ್ಲ. ಎಲ್ಇಡಿಯ ನೀಲಿ ಅಂಶ ಚೆನ್ನಾಗಿ ತಾಗುತ್ತದೆ. ಕಪ್ಪು ರಟ್ಟು ಅಂಟಿಸಿದೆ, ಮಬ್ಬು ಹೋಯಿತು. ನೀವೂ ಹೀಗೆ ಕತ್ತಲಲ್ಲಿ ಕೂತು ನೋಡಿ. ಬಾಗಿಲ ಕೆಳಗಿನ ಸಂದಿ, ಗೀಸರ್‌ನ ಸೂಚಕ ದೀಪ, ಎನ್‌ಲಾರ್ಜರ್ ತಲೆಯಿಂದ ಸೋರುವ ಬೆಳಕು ಎಲ್ಲ ಕಾಣುತ್ತದೆ. ಮೊಬೈಲ್, ಸ್ಮಾರ್ಟ್‌ವಾಚ್ ಹೊರಗೇ ಇರಲಿ. ಪೇಪರ್ ಪೆಟ್ಟಿಗೆ ತೆರೆದಿರುವಾಗಲೇ ಮೆಸೇಜ್ ಬರುತ್ತದೆ, ಅದು ಖಂಡಿತ.

ಟ್ರೇಯಲ್ಲಿ ಹುಟ್ಟುವ ಕಲೆ

ಪೇಪರ್ ಮೇಲೆ ಬೆರಳಿನ ಗುರುತು ಬಿಳಿಯಾಗಿ ಬಂದರೆ ಬೆರಳಿಗೆ ಹೈಪೋ ಅಂಟಿತ್ತು. ಕಪ್ಪಾಗಿ ಬಂದರೆ ಡೆವಲಪರ್. ಒಂದೊಂದು ಟ್ರೇಗೆ ಒಂದೊಂದು ಇಕ್ಕಳ ಇಟ್ಟು, ಬಣ್ಣದ ಟೇಪ್ ಸುತ್ತಿ ಗುರುತು ಮಾಡಿ. ಹೈಪೋ ಇಕ್ಕಳ ಡೆವಲಪರ್ ಟ್ರೇಗೆ ಮರೆತೂ ಹೋಗಬಾರದು. ಒಣ ಪೇಪರ್ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಟವೆಲನ್ನೂ ಆಗಾಗ ಬದಲಿಸಿ, ಹೈಪೋ ಕುಡಿದ ಟವೆಲ್‌ನಲ್ಲಿ ಒರೆಸಿದರೆ ಕೈ ತೊಳೆದೂ ಪ್ರಯೋಜನ ಇಲ್ಲ. ಇಕ್ಕಳ, ಅಳತೆಯ ಲೋಟ, ಟ್ರೇ ಯಾವುದೂ ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ.

ಮೋಡದ ಹಾಗೆ ಏರುಪೇರಾದ ಬೂದು ಬಣ್ಣ ಕಂಡರೆ ಪ್ರಿಂಟನ್ನು ಬೇಗ ಎತ್ತಿದ್ದೀರಿ. ಎಕ್ಸ್‌ಪೋಷರ್ ಜಾಸ್ತಿಯಾಗಿ ಚಿತ್ರ ಬೇಗ ಕಪ್ಪಾಗುತ್ತಿದೆ ಅಂತ ಇಪ್ಪತ್ತು ಸೆಕೆಂಡಿಗೇ ಎತ್ತುವ ಆಸೆ ಎಲ್ಲರಿಗೂ ಇರುತ್ತದೆ. ಎತ್ತಬೇಡಿ. ಪ್ಲಾಸ್ಟಿಕ್ ಪದರದ ಆರ್‌ಸಿ ಪೇಪರಿಗೆ ಸುಮಾರು ಒಂದು ನಿಮಿಷ, ಆ ಪದರವಿಲ್ಲದ ಫೈಬರ್ ಪೇಪರಿಗೆ ಒಂದೂವರೆಯಿಂದ ಮೂರು ನಿಮಿಷ ಕೊಡಿ. ಕಪ್ಪಾದರೆ ಆಗಲಿ, ಮುಂದಿನ ಹಾಳೆಗೆ ಎಕ್ಸ್‌ಪೋಷರ್ ಕಡಿಮೆ ಮಾಡಿ.

ಹಳದಿ-ಕಂದು ಛಾಯೆ ಬಂದರೆ ಡೆವಲಪರ್ ಸೋತಿದೆ, ಅಥವಾ ಬಿಸಿಯಾಗಿದೆ. ಡೆವಲಪರ್ ಚಹಾ ಬಣ್ಣಕ್ಕೆ ತಿರುಗಿದ್ದರೆ ಆಗ ಚೆಲ್ಲಿ. ಪೊಟ್ಟಣದ ಮೇಲಿನ ಸಮಯ 20 ಡಿಗ್ರಿಗೆ ಬರೆದದ್ದು. ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು 30 ಡಿಗ್ರಿ ದಾಟಿರುತ್ತದೆ. ಟ್ರೇಯನ್ನು ಇನ್ನೊಂದು ದೊಡ್ಡ ಟ್ರೇಯ ತಣ್ಣೀರಿನಲ್ಲಿ ಕೂರಿಸಿ, ಆ ನೀರಿಗೆ ಐಸ್ ಹಾಕಿ. ಡೆವಲಪರ್‌ಗೇ ಐಸ್ ಹಾಕಿದರೆ ಅದು ನೀರಾಗುತ್ತದೆ. ಬೇಸಿಗೆಯಲ್ಲಿ ನಾನು ಪ್ರಿಂಟ್ ಮಾಡುವುದು ರಾತ್ರಿ ಹತ್ತರ ಮೇಲೆಯೇ.

ಡೆವಲಪರ್ ಮತ್ತು ಹೈಪೋ ನಡುವೆ, ಡೆವಲಪರ್‌ನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಬಿಟ್ಟು ಬರೀ ನೀರು ಇಡುವವರಿದ್ದಾರೆ. ನಡೆಯುತ್ತದೆ, ಆದರೆ ಹೈಪೋ ಬೇಗ ಹಾಳಾಗಿ ಕಲೆ ಬರುತ್ತದೆ. ಆಸಿಟಿಕ್ ಆಸಿಡ್‌ನ ಸುಮಾರು ಶೇ. 2ರ ದ್ರಾವಣ ಸಾಕು. ಗಟ್ಟಿ ಆಸಿಡ್ ತಂದಿದ್ದರೆ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಸ್ಟಾಪ್ ತೀರಾ ಖಾರವಾದರೆ ಫೈಬರ್ ಪೇಪರ್ ಮೇಲೆ ಬೊಬ್ಬೆ ಏಳುತ್ತದೆ.

ಒಣಗಿದ ಮೇಲೆ ಬರುವ ಕಲೆ

ಕೆಲವು ಕಲೆ ತಿಂಗಳ ನಂತರ ಬರುತ್ತವೆ. ಬಿಳಿ ಭಾಗ ನೇರಳೆಗೋ ಗುಲಾಬಿಗೋ ತಿರುಗಿದರೆ ಹೈಪೋ ತನ್ನ ಕೆಲಸ ಪೂರ್ತಿ ಮಾಡಿಲ್ಲ. ಉಳಿದ ಬೆಳ್ಳಿ ಲವಣ ಬೆಳಕಿಗೆ ನಿಧಾನವಾಗಿ ಬಣ್ಣ ಹಿಡಿಯುತ್ತಿದೆ. ಹಳದಿ ಮಚ್ಚೆ ಅಥವಾ ಬಿಳಿ ಪುಡಿ ಕಂಡರೆ ಹೈಪೋ ಪೇಪರಿನಲ್ಲೇ ಉಳಿದಿದೆ, ಅಂದರೆ ತೊಳೆದದ್ದು ಸಾಲದು.

ಹೈಪೋದ ಬಲ ನೋಡಲು ಬಿಸಾಡುವ ಫಿಲಂ ತುಂಡೊಂದನ್ನು ಅದರಲ್ಲಿ ಮುಳುಗಿಸಿ, ಪಾರದರ್ಶಕ ಆಗಲು ಎಷ್ಟು ಸಮಯ ಬೇಕೆಂದು ಎಣಿಸಿ. ಹೊಸ ಹೈಪೋದಲ್ಲಿ ಆದ ಸಮಯದ ಎರಡರಷ್ಟಾದರೆ ಬದಲಿಸಿ. ರ್‍ಯಾಪಿಡ್ ಫಿಕ್ಸರ್‌ನಲ್ಲಿ ಆರ್‌ಸಿ ಪೇಪರಿಗೆ ಅರ್ಧ ನಿಮಿಷ, ಫೈಬರ್‌ಗೆ ಒಂದು ನಿಮಿಷ ಸಾಕಾಗಬಹುದು, ಬಾಟಲಿಯ ಮೇಲೆ ನೋಡಿಕೊಳ್ಳಿ. ಹರಳಿನ ಸಾದಾ ಹೈಪೋ ಆದರೆ ಫೈಬರ್‌ಗೆ 5ರಿಂದ 10 ನಿಮಿಷ. ಆರ್‌ಸಿ ಪ್ರಿಂಟನ್ನು ಹರಿಯುವ ನೀರಿನಲ್ಲಿ 2 ನಿಮಿಷ ತೊಳೆದರೆ ಆಯಿತು. ಗಂಟೆಗಟ್ಟಲೆ ನೆನೆಸಿದರೆ ಅಂಚಿನಿಂದ ನೀರು ನುಗ್ಗಿ ಪದರ ಬಿಡುತ್ತದೆ. ಫೈಬರ್‌ಗೆ ಒಂದು ಗಂಟೆ ಬೇಕು. ನೀರಿನ ಅಭಾವ ಇರುವ ಮನೆಯಲ್ಲಿ ಟ್ರೇಯ ನೀರು ಐದೈದು ನಿಮಿಷಕ್ಕೆ ಚೆಲ್ಲಿ ಹೊಸದು ತುಂಬಿಸಿದರೂ ನಡೆಯುತ್ತದೆ. ಆ ನೀರು ಗಿಡಕ್ಕೆ ಬೇಡ, ಬಳಸಿದ ಹೈಪೋವಂತೂ ಖಂಡಿತ ಬೇಡ. ಅದರಲ್ಲಿ ಬೆಳ್ಳಿ ಇರುತ್ತದೆ.

ಕೈಯಿಂದ ತಿದ್ದುವುದು

ಎಷ್ಟೇ ಜಾಗ್ರತೆ ಮಾಡಿದರೂ ಎರಡು ಮೂರು ಬಿಳಿ ಚುಕ್ಕೆ ಉಳಿದೇ ಉಳಿಯುತ್ತವೆ. ಹಳೇ ಸ್ಟುಡಿಯೋಗಳಲ್ಲಿ ಇದಕ್ಕೆ 'ಟಚಿಂಗ್' ಅನ್ನುತ್ತಿದ್ದರು. ಸಲಾನ್‌ಗೆ, ಅಂದರೆ ಛಾಯಾಚಿತ್ರ ಸ್ಪರ್ಧೆ-ಪ್ರದರ್ಶನಕ್ಕೆ, ಪ್ರಿಂಟ್ ಕಳಿಸುತ್ತಿದ್ದವರಿಗೂ ಇದು ರೂಢಿಯ ಕೆಲಸ.

ಚುಕ್ಕೆ ಮುಚ್ಚುವ ಬಣ್ಣದ (ಸ್ಪಾಟಿಂಗ್ ಡೈ) ಒಂದು ಹನಿಯನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹಾಕಿ, ಪಕ್ಕದಲ್ಲಿ ನೀರು ಬೆರೆಸಿ ತಿಳಿ ಮಾಡಿಕೊಳ್ಳಿ. 000 ನಂಬರಿನ ಬ್ರಷ್ ಅದ್ದಿ, ಟಿಶ್ಯೂ ಮೇಲೆ ಒರೆಸಿ. ಬ್ರಷ್ ಹೆಚ್ಚುಕಡಿಮೆ ಒಣಗಿದಂತೆ ಇರಬೇಕು. ಬಳಿಯಬೇಡಿ, ತುದಿಯನ್ನು ನೇರ ಇಳಿಸಿ ಚುಕ್ಕೆ ಚುಕ್ಕೆಯಾಗಿ ಮುಟ್ಟಿಸಿ. ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿ ಶುರು ಮಾಡಿ, ಒಣಗಲು ಬಿಟ್ಟು ಇನ್ನೊಂದು ಸಲ. ಸುತ್ತಲಿನಷ್ಟಕ್ಕೆ ಬಂದ ತಕ್ಷಣ ನಿಲ್ಲಿಸಿ. ಅದಕ್ಕಿಂತ ಕಪ್ಪಾದರೆ ಬಿಳಿ ಚುಕ್ಕೆ ಹೋಗಿ ಕಪ್ಪು ಚುಕ್ಕೆ ಬಂತು ಅಷ್ಟೆ. ಫೈಬರ್ ಪೇಪರ್ ಡೈಯನ್ನು ಚೆನ್ನಾಗಿ ಹೀರುತ್ತದೆ. ಆರ್‌ಸಿ ಮೇಲೆ ತಾಳ್ಮೆ ಬೇಕು.

ಕಪ್ಪು ಚುಕ್ಕೆಗೆ ನೆಗೆಟಿವ್‌ನಲ್ಲೇ ಮದ್ದು ಮಾಡುವುದು ಮೇಲು. ತೂತಿನ ನೇರಕ್ಕೆ, ಹೊಳಪು ಬದಿಯಲ್ಲಿ, ಬೆಳಕು ದಾಟದ ಬಣ್ಣದ ಒಂದು ಚುಕ್ಕೆ ಇಡಿ. ಪ್ರಿಂಟಿನಲ್ಲಿ ಅದು ಬಿಳಿಯಾಗಿ ಬರುತ್ತದೆ, ಆಮೇಲೆ ಡೈ ಹಾಕಿ ಮುಚ್ಚಿ. ಫೈಬರ್ ಪ್ರಿಂಟ್ ಮೇಲಾದರೆ ಹೊಸ ಬ್ಲೇಡಿನ ಮೊನೆಯಿಂದ ಹಗುರವಾಗಿ ಕೆರೆಯಲೂಬಹುದು. ಆರ್‌ಸಿ ಮೇಲೆ ಕೆರೆದರೆ ಗಾಯ ಎದ್ದು ಕಾಣುತ್ತದೆ. ಪೊಟ್ಯಾಸಿಯಂ ಫೆರಿಸಯನೈಡ್‌ನ ತಿಳಿ ದ್ರಾವಣದಿಂದ ಕಪ್ಪನ್ನು ಕರಗಿಸಬಹುದು. ಹಾಗೆ ಮಾಡಿದ ಪ್ರಿಂಟನ್ನು ಮತ್ತೆ ಹೈಪೋಗೆ ಹಾಕಿ, ಮೊದಲಿನಷ್ಟೇ ತೊಳೆಯಬೇಕು. ಈ ರಾಸಾಯನಿಕಕ್ಕೆ ಗಟ್ಟಿ ಆಸಿಡ್ ಯಾವತ್ತೂ ತಾಗಿಸಬೇಡಿ, ವಿಷದ ಗಾಳಿ ಏಳುತ್ತದೆ.

ಬ್ರಷ್‌ನ ತುದಿ ಚೂಪಾಗಲಿ ಅಂತ ನಾಲಿಗೆಗೆ ತಾಗಿಸುವ ಅಭ್ಯಾಸ ಹಳಬರಲ್ಲಿ ಇತ್ತು. ನೀವು ನೀರಿನಲ್ಲಿ ತೊಳೆದು, ಬೆರಳಲ್ಲಿ ತುದಿ ಕೂಡಿಸಿ, ಕೂದಲು ಮೇಲಾಗಿ ಲೋಟದಲ್ಲಿ ನಿಲ್ಲಿಸಿ. ಬೆಕ್ಕಿದ್ದರೆ ಲೋಟ ಅಲಮಾರಿನೊಳಗೆ ಇರಲಿ.